ತಿಳಿ ಕುಡಿದ ಏಳು ರಾತ್ರಿ

ನಮ್ಮ ಮನೆಯಲ್ಲಿ ಯಾವ ಸೀಸೆ ನನ್ನ ಕೈಗೆ ಬಂದರೂ ಮೊದಲು ಅದನ್ನು ಮೂರು ಸಲ ಅಲ್ಲಾಡಿಸುತ್ತೇನೆ. ಒಳಗಿರುವುದು ಕೊಬ್ಬರಿ ಎಣ್ಣೆಯೋ, ಬರೆಯುವ ಮಸಿಯೋ, ಜೇನುತುಪ್ಪವೋ ಎಂದು ನೋಡುವ ವ್ಯವಧಾನ ನನ್ನ ಕೈಗಿಲ್ಲ. ಬಿರಟೆ ಕಂಡಿತೆಂದರೆ ಮಣಿಕಟ್ಟು ತಾನಾಗಿಯೇ ಕುಣಿಯತೊಡಗುತ್ತದೆ. ಮೊನ್ನೆ ಮನೆಗೆ ಬಂದ ಬೀಗರು ಪ್ರೀತಿಯಿಂದ ಅತ್ತರಿನ ಒಂದು ಪುಟ್ಟ ಸೀಸೆ ಕೊಟ್ಟರು. ನಾನು ಅದನ್ನು ಹಣೆಯ ಮಟ್ಟಕ್ಕೆ ಎತ್ತಿ ರಭಸದಿಂದ ಅಲ್ಲಾಡಿಸಿದ್ದನ್ನು ಕಂಡು ಅವರು ತಬ್ಬಿಬ್ಬಾದರು. ನನ್ನ ಹೆಂಡತಿ ಗೌರವ್ವ ಒಳಬಾಗಿಲಿನಿಂದಲೇ ಅವರಿಗೆ ಸಮಾಧಾನ ಹೇಳಿದಳು: "ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾರ. ಇವರ ಕೈಯಾಗ ಎಮ್ಮಿ ಕೊಟ್ರೂ ಮೊದಲ ಅದನ್ನ ಅಲ್ಲಾಡ್ಸಿ, ಆಮ್ಯಾಲೆ ಹಾಲು ಹಿಂಡ್ತಾರ."

ಬೀಗರು ನಕ್ಕರು, ನಾನೂ ನಕ್ಕೆ. ಆದರೆ ಈ ಅಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅರ್ಧ ಶತಮಾನ ಬಾಳಿದ ಮೇಲೆ, ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ, ಎಳೆದ ಒಂದು ಪರದೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು ಕಲಿತದ್ದು. ಕಲಿಸುವುದೇ ಕಸುಬಾದವನು ಕಲಿಯುವಾಗ ಪಡುವ ಪಾಡು ಏನೆಂದು ನಿಮಗೆ ಹೇಳಬೇಕೆಂದೇ ಈ ಬರಹ.

ನಾನು ಆಗ ತಿಕೋಟೆಯ ಕನ್ನಡ ಶಾಲೆಯಲ್ಲಿ ಹಂಗಾಮಿ ಹೆಡ್ ಮಾಸ್ತರನಾಗಿದ್ದೆ. ಮಾಸ್ತರಿಕೆಯ ತರಬೇತಿಗೆಂದು ಹರೆಯದಲ್ಲಿ ಧಾರವಾಡಕ್ಕೆ ಹೋದಾಗ ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಗಂಟೆಗೆ ಮಲಗುವುದು ಎಂದು ಮೈಗೆ ಹತ್ತಿದ ಶಿಸ್ತು ಮತ್ತೆ ಬಿಡಲಿಲ್ಲ. ಐದಕ್ಕೆ ಏಳುತ್ತಿದ್ದೆ, ಹತ್ತಕ್ಕೆ ಐದು ನಿಮಿಷವಿರುವಾಗ ಶಾಲೆಯ ಕಟ್ಟೆ ಹತ್ತುತ್ತಿದ್ದೆ, ರಾತ್ರಿ ಒಂಬತ್ತಕ್ಕೆ ಕಂದೀಲಿನ ಬತ್ತಿ ಇಳಿಸುತ್ತಿದ್ದೆ. ಬತ್ತಿ ಇಳಿಯುವುದಕ್ಕೂ ನನ್ನ ರೆಪ್ಪೆ ಇಳಿಯುವುದಕ್ಕೂ ನಡುವೆ ಒಂದು ಆಕಳಿಕೆಯ ಅಂತರವೂ ಇರುತ್ತಿರಲಿಲ್ಲ. ನಿದ್ದೆ ಬಾರದವರನ್ನು ಕಂಡರೆ ನನಗೆ ಕನಿಕರವಾಗುತ್ತಿರಲಿಲ್ಲ. ಅವರ ದಿನಚರಿಯಲ್ಲಿ ಏನೋ ಅಶಿಸ್ತಿದೆ ಎಂದು ಸಂಶಯ ಬರುತ್ತಿತ್ತು. ಈ ಅಹಂಕಾರವನ್ನು ತಲೆಯಿಂದ ಇಳಿಸಲು ದೈವ ನನ್ನ ಕಾಲುಗಳನ್ನು ಆರಿಸಿಕೊಂಡಿತು.

ಅದು ನೋವಲ್ಲ. ನೋವಾಗಿದ್ದರೆ ನರಳಬಹುದಿತ್ತು, ಕೇಳಿದವರಿಗೆ ಇಲ್ಲಿ ನೋಯುತ್ತದೆ ಎಂದು ತೋರಿಸಬಹುದಿತ್ತು. ಹಾಸಿಗೆಯ ಮೇಲೆ ಕಾಲು ಚಾಚಿದ ಕೂಡಲೆ ಮೀನಖಂಡದ ಒಳಗೆ, ಚರ್ಮಕ್ಕೂ ಎಲುಬಿಗೂ ನಡುವೆ, ಇರುವೆಯ ಸಾಲು ಹೊರಟಂತಾಗುತ್ತಿತ್ತು. ಕಾಲು ಒದ್ದರೆ ಸಾಲು ಚದರುವುದು. ನಿಲ್ಲಿಸಿದರೆ ಮತ್ತೆ ಕೂಡುವುದು. ಎದ್ದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಏನೂ ಇಲ್ಲ, ಸಂಪೂರ್ಣ ಆರೋಗ್ಯ! ಮಲಗಿದರೆ ಮತ್ತೆ ಮೆರವಣಿಗೆ. ಹೀಗೆ ನಾನು ಮಲಗುವ ಹೊತ್ತಿಗೆ ಕಾಲು ಏಳುವುದು, ಕಾಲು ಮಲಗುವ ಹೊತ್ತಿಗೆ ನಾನು ಏಳುವುದು ಎಂದು ನಮ್ಮಲ್ಲಿ ಒಂದು ಪಾಳಿ ಏರ್ಪಟ್ಟಿತು.

ರಾತ್ರಿ ಬಾರದ ನಿದ್ದೆ ಎಲ್ಲಿಯೂ ಹೋಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಶಾಲೆಗೆ ಬರುತ್ತದೆ. ಲೆಕ್ಕ ಹೇಳುತ್ತ ಹೇಳುತ್ತ ಕುರ್ಚಿಯಲ್ಲಿ ನನ್ನ ಗದ್ದ ಎದೆಗೆ ತಾಕತೊಡಗಿತು. ತರಗತಿಯಲ್ಲಿ ತೂಕಡಿಸಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂಬ ಕಾಯಿದೆ ಮಾಡಿದವನು ನಾನೇ. ಒಮ್ಮೆ ಕಣ್ಣು ತೆರೆದಾಗ ಇಡೀ ತರಗತಿ ಉಸಿರು ಬಿಗಿಹಿಡಿದು ನನ್ನನ್ನು ನೋಡುತ್ತಿತ್ತು. ಕೆಲವರ ದೃಷ್ಟಿ ಗೋಡೆಯ ಕಡೆಗೂ ಹರಿದು ಬಂತು. ಇದರ ನಡುವೆ ಇನ್‌ಸ್ಪೆಕ್ಟರ್ ಸಾಹೇಬರ ಕಾಗದ ಬಂತು. ಒಂಬತ್ತು ದಿನ ಬಿಟ್ಟು ಬರುವ ಸೋಮವಾರ ಶಾಲಾ ತಪಾಸಣೆ. ಅವರ ಶೇರೆ, ಅಂದರೆ ಅವರು ಬರೆದಿಡುವ ಅಭಿಪ್ರಾಯ, ಚೆನ್ನಾಗಿ ಬಿದ್ದರೆ ನಾನು ಕಾಯಂ ಹೆಡ್ ಮಾಸ್ತರ. ಇಲ್ಲವಾದರೆ ನನಗಿಂತ ಹನ್ನೆರಡು ವರ್ಷ ಚಿಕ್ಕವನ ಕೈಕೆಳಗೆ ಕನಮಡಿಯ ಶಾಲೆಗೆ ಸಹಾಯಕನಾಗಿ ಹೋಗಬೇಕು. ತಪಾಸಣೆಯ ದಿನ ಮೂರು ಗಂಟೆಗೆ ನನ್ನ ಗದ್ದ ಎದೆಗೆ ತಾಕಿದರೆ ಏನಾದೀತೆಂಬ ಚಿಂತೆ ಹೊಕ್ಕ ಮೇಲೆ ಅಳಿದುಳಿದ ನಿದ್ದೆಯೂ ಹೋಯಿತು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ವಿಜಾಪುರಕ್ಕೆ ಹೋದೆ. ಪೆಟ್ರೋಲಿಗೆ ಅಭಾವವಿದ್ದುದರಿಂದ ಮೋಟಾರು ಆಗ ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಹಿಂದೆ ಒಂದು ದೊಡ್ಡ ಒಲೆಯನ್ನು ಕಟ್ಟಿಕೊಂಡು, ಏರು ಬಂದಲ್ಲೆಲ್ಲ ನಿಂತು ಏದುಸಿರು ಬಿಡುತ್ತ, ಪ್ರಯಾಣಿಕರಿಗೆ ಕೆಳಗಿಳಿದು ನಡೆಯುವ ಪುಣ್ಯ ಒದಗಿಸುತ್ತಿತ್ತು. ಉಳಿದವರು ಬೈಯುತ್ತ ಇಳಿದರೆ ನಾನು ಸಂತೋಷದಿಂದ ಇಳಿಯುತ್ತಿದ್ದೆ, ನನ್ನ ಕಾಲುಗಳಿಗೆ ಬೇಕಾದದ್ದೇ ಅದು.

ದವಾಖಾನೆಯ ಡಾಕ್ಟರರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಮೊಣಕಾಲಿಗೆ ಬಡಿದು ನೋಡಿದರು, "ರಕ್ತ ಕಡಿಮೆ, ನರಕ್ಕೆ ಆಯಾಸ" ಎಂದು ಚೀಟಿ ಬರೆದು ಕೊಟ್ಟರು. ಚೀಟಿ ಹಿಡಿದು ಕಂಪೌಂಡರ್ ಖಾದರಸಾಬರ ಕಿಟಕಿಗೆ ಹೋದೆ. ಆ ಮನುಷ್ಯನ ಕೆಲಸವನ್ನು ನೀವು ನೋಡಬೇಕಿತ್ತು. ಬಿಳಿ ಟೋಪಿ, ಮೂಗಿನ ತುದಿಗೆ ಕನ್ನಡಕ. ಪುಡಿಯನ್ನು ತಕ್ಕಡಿಗೆ ಹಾಕುವಾಗ ಉಸಿರು ಹಿಡಿಯುತ್ತಿದ್ದರು, ತಮ್ಮ ಉಸಿರಿನ ಭಾರವೂ ರೋಗಿಯ ಹೊಟ್ಟೆಗೆ ಹೋಗಬಾರದೆಂಬಂತೆ. ಕುಡಿಯುವ ಔಷಧದ ಮಿಕ್ಶರನ್ನು ಸೀಸೆಗೆ ತುಂಬಿದ ಮೇಲೆ ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಮೂರು ಮಡಿಕೆ ಮಾಡಿ, ಮೂಲೆಗೆ ಕತ್ತರಿ ತಾಕಿಸಿ ಬಿಚ್ಚಿದರೆ ಎಂಟು ಸಮನಾದ ಹಲ್ಲುಗಳು! ಅದನ್ನು ಹಿಟ್ಟಿನ ಸರಿಯಿಂದ ಸೀಸೆಯ ಬದಿಗೆ ಅಂಟಿಸಿದರು. ಒಂದು ಹಲ್ಲಿಗೆ ಒಂದು ರಾತ್ರಿ. ಅಷ್ಟು ಅಂದವಾದ ಅಳತೆಪಟ್ಟಿಯನ್ನು ನನ್ನ ಶಾಲೆಯಲ್ಲಿ ಒಬ್ಬನೂ ಮಾಡಿದ್ದಿಲ್ಲ, ನಾನೂ ಮಾಡಿದ್ದಿಲ್ಲ.

ಮೆಚ್ಚಿಕೊಂಡು ಸುಮ್ಮನಿರಬಹುದಿತ್ತು. ಆದರೆ ಅವರ ಹಿಂದಿನ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಯುದ್ಧದ ಕಾರಣ ಸರಕಾರ ಎಲ್ಲರ ಗಡಿಯಾರವನ್ನೂ ಒಂದು ತಾಸು ಮುಂದೆ ತಳ್ಳಿದ್ದು ನಿಮಗೆ ನೆನಪಿರಬಹುದು. ನಾನು ಆಜ್ಞೆ ಬಂದ ದಿನವೇ ಮುಳ್ಳು ತಿರುಗಿಸಿದವನು. ಅವರ ಗಡಿಯಾರ ಇನ್ನೂ ಹಳೆಯ ವೇಳೆಯಲ್ಲೇ ಆರಾಮಾಗಿ ನಡೆದಿತ್ತು. ಸೀಸೆ ಕೈಗಿಡುತ್ತ ಖಾದರಸಾಬರು ಏನೋ ಹೇಳುತ್ತಿದ್ದರು; ಅದೇ ಹೊತ್ತಿಗೆ ನಾನು ಬೆರಳೆತ್ತಿ, ಸಾರ್ವಜನಿಕ ಸ್ಥಳದಲ್ಲಿ ತಪ್ಪು ವೇಳೆ ತೋರಿಸುವುದರಿಂದ ಆಗುವ ಅನರ್ಥಗಳನ್ನು ವಿವರಿಸುತ್ತಿದ್ದೆ. ಅವರು ಹೇಳಿದ್ದು ಅವರ ಕಡೆಗೆ ಉಳಿಯಿತು, ನಾನು ಹೇಳಿದ್ದು ನನ್ನ ಕಡೆಗೆ. ಸೀಸೆ ಮಾತ್ರ ತಿಕೋಟೆಗೆ ಬಂತು.

ಇಲ್ಲಿ ನಮ್ಮ ಊರ ನೀರಿನ ಮಾತು ಹೇಳಲೇಬೇಕು. ನಮ್ಮ ಕಡೆಗೆ ನೀರೆಂದರೆ ಅರ್ಧ ಮಣ್ಣು. ಬಾವಿಯಿಂದ ತಂದ ಕೊಡವನ್ನು ಹರಿವಿಗೆ, ಅಂದರೆ ದೊಡ್ಡ ಗಡಿಗೆಗೆ, ಸುರಿದು, ಪಟಿಕದ ಹರಳು ತಿಕ್ಕಿ, ರಾತ್ರಿಯೆಲ್ಲ ಮುಟ್ಟದೆ ಬಿಡಬೇಕು. ಬೆಳಗಾಗುವಷ್ಟರಲ್ಲಿ ಗಸಿ ತಳಕ್ಕೆ ಕೂಡಿ ಮೇಲೆ ಕನ್ನಡಿಯಂಥ ತಿಳಿ ನಿಂತಿರುತ್ತದೆ. ಅದನ್ನು ಅಲುಗದಂತೆ ತಂಬಿಗೆಯಿಂದ ಮೊಗೆಯಬೇಕು. ಹರಿವಿಯನ್ನು ಅಲುಗಿಸುವುದು ನಮ್ಮ ಮನೆಗಳಲ್ಲಿ ದೊಡ್ಡ ಅಪರಾಧ. ಹುಡುಗನಾಗಿದ್ದಾಗ ನಾನು ಅವ್ವನಿಂದ ತಿಂದ ಮೊದಲ ಏಟೇ ಅದಕ್ಕಾಗಿ. ನಿಂತದ್ದು ಶುದ್ಧ, ಕಲಕಿದ್ದು ಕೊಳಕು ಎಂಬುದು ನನ್ನ ಮಟ್ಟಿಗೆ ಅಕ್ಷರಕ್ಕಿಂತ ಮೊದಲು ಕಲಿತ ಪಾಠ.

ಸೀಸೆಯನ್ನು ಗೋಡೆಯ ಮಾಡದಲ್ಲಿ ಇಟ್ಟ ಸ್ವಲ್ಪ ಹೊತ್ತಿಗೆ ಅದರ ತಳದಲ್ಲಿಯೂ ಒಂದು ಬೂದುಗೆಂಪು ಗಸಿ ಕೂಡಿತು. ನನಗೆ ವಿಜಾಪುರದ ನೀರಿನ ಮೇಲೆ ಮೊದಲೇ ಅಷ್ಟು ವಿಶ್ವಾಸವಿರಲಿಲ್ಲ. ಭೂತನಾಳದ ಕೆರೆಯ ಕೆಸರು ಔಷಧದೊಳಗೂ ಬಂದಿದೆಯಲ್ಲ ಎಂದುಕೊಂಡೆ. ಸರಿ, ತಿಳಿಯನ್ನು ಕುಡಿಯುವ ವಿದ್ಯೆ ನನಗೇನು ಹೊಸದೆ? ಪ್ರತಿರಾತ್ರಿ ಎಂಟೂಮುಕ್ಕಾಲಿಗೆ, ಮಲಗಿದ ಕೂಸನ್ನು ಎತ್ತುವಂತೆ ಸೀಸೆಯನ್ನು ಎತ್ತಿ, ಒಂದು ಹಲ್ಲಿನಷ್ಟು ತಿಳಿಯನ್ನು ಬಟ್ಟಲಿಗೆ ಬಗ್ಗಿಸಿ, ಗಸಿ ಅಲುಗದಂತೆ ತಿರುಗಿ ಇಡುತ್ತಿದ್ದೆ. ನನ್ನ ಕೈಯ ಸ್ಥಿರತೆಗೆ ನಾನೇ ಮಾರುಹೋದೆ.

ಇಷ್ಟೇ ಅಲ್ಲ. ಒಂದು ವಹಿಯಲ್ಲಿ ಗೆರೆ ಹೊಡೆದು ನಾಲ್ಕು ಕಲಂ ಮಾಡಿದೆ: ಔಷಧ ಕುಡಿದ ವೇಳೆ, ಮಲಗಿದ ವೇಳೆ, ಎದ್ದು ಅಡ್ಡಾಡಿದ್ದು ಎಷ್ಟು ಸಲ, ಮುಂಜಾನೆ ಎದ್ದ ವೇಳೆ. ಮೊದಲ ಮೂರು ರಾತ್ರಿ ಮೂರನೆಯ ಕಲಮ್ಮಿನಲ್ಲಿ ಜಾಗ ಸಾಲಲಿಲ್ಲ. ನಾಲ್ಕನೆಯ ರಾತ್ರಿ, ಅಂದರೆ ಮಂಗಳವಾರ, ಗೌರವ್ವ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಬಂದು ಕಾಲ ಹತ್ತಿರ ಕುಳಿತಳು.

"ಬ್ಯಾಡ, ಹೋಗು. ಔಷಧದ ಪರೀಕ್ಷಾ ನಡದೈತಿ. ನಡುವ ನಿನ್ನ ಎಣ್ಣಿ ಬಂದ್ರ ಯಾವುದರ ಗುಣ ಅಂತ ತಿಳೀದಂಗ ಆಗತೈತಿ" ಎಂದೆ.

"ಪರೀಕ್ಷಾ ಪಾಸಾದ್ರ ಔಷಧಕ್ಕs ಮಾರ್ಕ್ಸ್ ಕೊಡ್ರಿ, ನನಗೇನು ಬ್ಯಾಡ. ಕಾಲು ಚಾಚ್ರಿ ಸುಮ್ನ" ಎಂದಳು.

ವಾದಿಸುವಷ್ಟು ಶಕ್ತಿ ಇರಲಿಲ್ಲ, ಚಾಚಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಗಾಗೆದ್ದು ವಹಿಯಲ್ಲಿ "ಔಷಧ ಹಿಡಿಯತೊಡಗಿದೆ" ಎಂದು ಬರೆದೆ. ಬುಧವಾರ, ಗುರುವಾರ ಅವಳನ್ನು ಖಂಡಿತವಾಗಿ ದೂರವಿಟ್ಟೆ. ಎರಡು ರಾತ್ರಿಯೂ ಮೆರವಣಿಗೆ. ಶುಕ್ರವಾರ ಅವಳು ನನ್ನ ಮಾತು ಕೇಳದೆ ಮತ್ತೆ ಬಂದು ಕುಳಿತಳು, ಮತ್ತೆ ನಿದ್ದೆ. ನೀವು ಇಷ್ಟರಲ್ಲೇ ನನಗಿಂತ ಮುಂದೆ ಹೋಗಿರುವಿರಿ. ಆದರೆ ಇಪ್ಪತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ಬರೆದುಕೊಂಡದ್ದು ಇಷ್ಟೇ: "ಔಷಧ ಕೆಲವು ದಿನ ಹಿಡಿಯುತ್ತದೆ, ಕೆಲವು ದಿನ ಹಿಡಿಯುವುದಿಲ್ಲ. ಕಾರಣ, ಗಸಿ. ಕಂಪೌಂಡರನಿಗೆ ತಿಳಿಹೇಳತಕ್ಕದ್ದು."

ಶನಿವಾರ ಮತ್ತೆ ಮೋಟಾರು ಹತ್ತಿದೆ. ತಪಾಸಣೆಗೆ ನಡುವೆ ಒಂದೇ ದಿನ ಉಳಿದಿತ್ತು. ಅಂಗಿಯ ಒಂದು ಕಿಸೆಯಲ್ಲಿ ವಹಿ, ಕೈಯಲ್ಲಿ ಸಾಕ್ಷಿಯಾಗಿ ಸೀಸೆ. ಎಂಟನೆಯ ಹಲ್ಲಿನ ಮಟ್ಟಕ್ಕೆ ಬರಿಯ ಗಸಿ ಕೂಡಿ, ಹೊಲದ ರಾಡಿಯಂತೆ ಮಂದವಾಗಿತ್ತು. ದವಾಖಾನೆಯ ಬಾಕಿನ ಮೇಲೆ ನಾಲ್ಕು ಜನ ರೋಗಿಗಳು ಕುಳಿತಿದ್ದರು. ಅವರಿಗೂ ಉಪಯೋಗವಾಗಲೆಂದು ತುಸು ಗಟ್ಟಿಯಾಗಿಯೇ ಹೇಳಿದೆ: "ಖಾದರಸಾಬ್ರ, ಔಷಧದಾಗ ಇಷ್ಟು ಗಸಿ ಇರಬಾರದು. ನಮ್ಮೂರ ಬಾವಿ ನೀರ ಇದಕ್ಕಿಂತ ಚಲೋ ಐತಿ."

ಅವರು ಸೀಸೆಯನ್ನು ಬೆಳಕಿಗೆ ಹಿಡಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದಾರೆಂದೂ ಹೇಳಿ, ನಾನು ವಹಿ ತೆರೆದು ಮುಂದಿಟ್ಟೆ. ಎರಡನ್ನೂ ಒಮ್ಮೆ ನೋಡಿ ಖಾದರಸಾಬರು ಎದ್ದು ಬಂದು ಕಿಟಕಿಯ ಪರದೆ ಎಳೆದರು. ನನ್ನನ್ನು ಪಕ್ಕದ ಬಾಗಿಲಿನಿಂದ ಒಳಗೆ ಕರೆದು ತಮ್ಮ ಸ್ಟೂಲಿನ ಮೇಲೆ ಕೂಡಿಸಿದರು. ಆಮೇಲೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಮಾಸ್ತರ್ರ, ಔಷಧ ಅಂದ್ರ ಇದs ರಿ. ಈ ಗಸಿ."

ನಾನು ಸೀಸೆಯ ತಳವನ್ನು ನೋಡಿದೆ, ಆಮೇಲೆ ಅವರನ್ನು ನೋಡಿದೆ.

"ಪುಡಿ ನೀರಾಗ ಕರಗೂದಿಲ್ರಿ, ತಳಕ್ಕ ಕೂಡತೈತಿ. ಅದಕ್ಕs ಅಲ್ಲಾಡ್ಸಿ ಕುಡೀರಿ ಅಂತ ಅವತ್ತs ಹೇಳಿದ್ನಿ. ನೀವು ಗಡಿಯಾರ ನೋಡಾಕತ್ತಿದ್ರಿ."

"ಅಂದ್ರ... ಏಳು ರಾತ್ರಿ ನಾ ಕುಡದದ್ದು?"

"ನೀರ್ರಿ. ಸ್ವಲ್ಪ ಸಕ್ಕರಿ, ಸ್ವಲ್ಪ ಬಣ್ಣ." ಅವರು ಸೀಸೆಯನ್ನು ದೂರ ಸರಿಸಿದರು. "ಇವತ್ತ ಬಂದದ್ದು ಪುಣ್ಯಾ ಆತು. ಎಂಟೂ ರಾತ್ರಿ ಔಷಧ ಇದರಾಗs ಕುಂತೈತಿ. ಇದೊಂದು ಗುಟುಕು ಕುಡದು ಮಲಗಿದ್ರ, ಸೋಮವಾರ ನಿಮ್ಮ ಇನ್‌ಸ್ಪೆಕ್ಟರು ಬಂದು, ಉಂಡು, ಹೊಳ್ಳಿ ಹೋದ್ರೂ ನಿಮಗ ಎಚ್ಚರ ಆಗ್ತಿದ್ದಿಲ್ಲ."

ಅವರು ನಗಲಿಲ್ಲ. ನಗುವ ಹಕ್ಕು ಪೂರಾ ಇದ್ದು ನಗದೆ ಇರುವುದು ಎಷ್ಟು ದೊಡ್ಡ ಗುಣವೆಂದು ನನಗೆ ಆ ಸ್ಟೂಲಿನ ಮೇಲೆ ಕುಳಿತು ತಿಳಿಯಿತು. ನಾನಾಗಿದ್ದರೆ? ತಪ್ಪು ಮಾಡಿದವನನ್ನು ಹಲಗೆಯ ಹತ್ತಿರ ಕರೆದು, ಎಲ್ಲರಿಗೂ ಕಾಣುವಂತೆ ನಿಲ್ಲಿಸಿ, ತಪ್ಪನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸುತ್ತಿದ್ದೆ. ಈ ಮನುಷ್ಯ ಪರದೆ ಎಳೆದಿದ್ದ.

ಹೊಸ ಸೀಸೆ ತುಂಬುತ್ತ ಅವರು ನನ್ನ ವಹಿಯ ಮೇಲೆ ಮತ್ತೊಮ್ಮೆ ಕಣ್ಣಾಡಿಸಿ ಒಂದು ಪ್ರಶ್ನೆ ಕೇಳಿದರು. ನನ್ನ ಪುಣ್ಯಕ್ಕೆ ಪರದೆ ಆಗಲೂ ಮುಚ್ಚಿತ್ತು. "ಎರಡು ರಾತ್ರಿ ನಿದ್ದಿ ಬಂದೈತಲ್ರಿ ಮಾಸ್ತರ್ರ, ಮಂಗಳವಾರ, ಶುಕ್ರವಾರ? ಬರೇ ನೀರು ಕುಡದು ಹ್ಯಾಂಗ ಬಂತ್ರಿ?"

ನನ್ನ ನಾಲ್ಕು ಕಲಮ್ಮುಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಉತ್ತರ ನನಗೆ ಆಗಷ್ಟೇ ಹೊಳೆದು ಕೆಂಪಾದೆ. "ಮನ್ಯಾಗ ಕಾಲು ತಿಕ್ಕಿದ್ಳು" ಎಂದೆ, ಬಹಳ ಸಣ್ಣ ದನಿಯಲ್ಲಿ.

"ಹಂಗಾರ ಔಷಧ ಕುಡದ ಮ್ಯಾಲೂ ಅದನ್ನ ಬಿಡಬ್ಯಾಡ್ರಿ" ಎಂದು ಖಾದರಸಾಬರು ಕಾಗದದ ಪಟ್ಟಿ ಮಡಚತೊಡಗಿದರು. "ನನ್ನ ಔಷಧಕ್ಕ ಎಂಟು ಹಲ್ಲು ಅದಾವು. ಅವರ ಕೈಗೆ ಹತ್ತು ಬೆರಳು."

ಮೋಟಾರಿಗೆ ಇನ್ನೂ ಹೊತ್ತಿದ್ದುದರಿಂದ ಊರಲ್ಲಿ ಸುಮ್ಮನೆ ನಡೆದೆ. ದೂರದಲ್ಲಿ ಗೋಳಗುಮ್ಮಟ ಕಂಡಿತು. ಅಷ್ಟು ದೊಡ್ಡ ಗುಮ್ಮಟದ ಕೆಳಗೆ, ನೋಡಲು ಬಂದವರೆಲ್ಲ ಕೂಗಿ, ಚಪ್ಪಾಳೆ ತಟ್ಟಿ, ಒಂದೊಂದು ಕೂಗೂ ಏಳು ಸಲ ಮರುದನಿಗೊಟ್ಟರೂ ಆ ಸುಲ್ತಾನ ಕಾಲು ಅಲುಗಿಸದೆ ಮಲಗಿದ್ದಾನಲ್ಲ ಎಂದು ಆ ವಾರವಿಡೀ ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ. ಆ ಸಂಜೆ ಮಾತ್ರ ಹೊಟ್ಟೆಕಿಚ್ಚು ಬರಲಿಲ್ಲ. ಪಾಪ, ಅವನ ಕಾಲ ಹತ್ತಿರ ಎಣ್ಣೆಯ ಬಟ್ಟಲು ಹಿಡಿದು ಕೂಡುವವರು ಯಾರಿದ್ದಾರೆ?

ಮನೆಗೆ ಬಂದು ಗೌರವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಖಾದರಸಾಬರಲ್ಲ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ ಕೇಳಿದೆ: "ಆ ಎರಡು ರಾತ್ರಿ ಎಷ್ಟೊತ್ತು ತಿಕ್ಕಿದಿ?"

"ಯಾರಿಗೆ ಗೊತ್ತ್ರಿ? ಗಡಿಯಾರ ನಿಮ್ಮ ತಲಿದಿಂಬಿನ ಕೆಳಗ ಇತ್ತು. ಕೈ ಬಿಟ್ರ ನಿಮ್ಮ ಕಾಲು ಏಳತಿತ್ತು. ಮೊದಲ ಕೋಳಿ ಕೂಗಿದ ಮ್ಯಾಲೆ ಬಿಟ್ನಿ."

"ಇಷ್ಟು ಚಂದ ತಿಕ್ಕೂದು ಎಲ್ಲಿ ಕಲ್ತಿ?"

"ಬಬಲೇಶ್ವರದಾಗ. ನಮ್ಮಪ್ಪ ಮುಂಜಾನಿಯಿಂದ ಸಂಜಿತನಕ ಗಾಣದೆತ್ತಿನ ಹಿಂದ ಸುತ್ತತಿದ್ದ. ರಾತ್ರಿ ಮಲಗಿದ್ರ ಅವನ ಕಾಲು ಇನ್ನೂ ಸುತ್ತತಿದ್ವು. ನಾ ಹಿಡಕೊಂಡು ಕುಂದ್ರತಿದ್ದೆ." ಇಷ್ಟು ಹೇಳಿ, ಒಲೆಯ ಕಡೆಗೆ ತಿರುಗಿ, "ಅಪ್ಪ ನಿಮ್ಮಂಗ ವಹಿ ಬರೀತಿದ್ದಿಲ್ಲ, ನೋಡ್ರಿ. ಬೆಳಗಾದ್ರ ತಲಿ ಮ್ಯಾಲೆ ಕೈ ಇಡತಿದ್ದ" ಎಂದಳು.

ಬಬಲೇಶ್ವರದ ಆ ಗಾಣವನ್ನು ನಾನು ನೂರು ಸಲ ನೋಡಿದ್ದೆ. ಮಾವನವರು ಒಂದೇ ಸುತ್ತಿನಲ್ಲಿ, ಒಂದೇ ಹದದಲ್ಲಿ, ದಿನವೆಲ್ಲ ನಡೆಯುವುದನ್ನು ಕಂಡು ಅವರ ಶಿಸ್ತನ್ನು ಮೆಚ್ಚಿದ್ದೆ. ಆ ಶಿಸ್ತು ರಾತ್ರಿ ಯಾರ ಕೈಯ ಮೇಲೆ ಮಲಗುತ್ತಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ದಿನಚರಿಯೂ ಹಾಗೆಯೇ. ಐದಕ್ಕೆ ನಾನು ಏಳುತ್ತಿದ್ದೆನೆಂದು ಮೇಲೆ ಜಂಬದಿಂದ ಬರೆದೆನಲ್ಲ, ಐದಕ್ಕೆ ಬಿಸಿನೀರು ಕಾದಿರಬೇಕಾದರೆ ಆಕೆ ಎಷ್ಟಕ್ಕೆ ಎದ್ದಿರಬೇಕು? ಲೆಕ್ಕದ ಮಾಸ್ತರನಾಗಿಯೂ ಆ ಲೆಕ್ಕ ಬಿಡಿಸಿರಲಿಲ್ಲ.

ಶನಿವಾರ, ರವಿವಾರ ಎರಡು ರಾತ್ರಿ ಸೀಸೆಯನ್ನು ಅಲ್ಲಾಡಿಸಿಯೇ ಕುಡಿದೆ. ಎಣ್ಣೆಯ ಬಟ್ಟಲೂ ಬಂತು; ಆದರೆ ಕಂದೀಲಿನ ಪಕ್ಕದಲ್ಲಿ ಗಡಿಯಾರವನ್ನು ಗೌರವ್ವನ ಕಣ್ಣಿಗೆ ಕಾಣುವಂತೆ ಇಟ್ಟು, ಅರ್ಧ ತಾಸಾದ ಕೂಡಲೆ ಅವಳು ಏಳಲೇಬೇಕೆಂದು ಕಾಯಿದೆ ಮಾಡಿದೆ. ಕಾಯಿದೆ ಮಾಡುವ ಚಟ ಅಷ್ಟು ಬೇಗ ಹೋಗುವುದಲ್ಲ. ಔಷಧ ಒಳಗಿನಿಂದ, ಎಣ್ಣೆ ಹೊರಗಿನಿಂದ ಹಿಡಿಯಿತು. ಮೆರವಣಿಗೆ ಪೂರಾ ನಿಲ್ಲದಿದ್ದರೂ ವಾದ್ಯ ನಿಂತಿತು.

ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಮುಂಜಾನೆ ಎಲ್ಲ ತರಗತಿಗಳಲ್ಲೂ ಪ್ರಶ್ನೆ ಕೇಳಿದರು, ದಾಖಲೆ ನೋಡಿದರು, ಮಧ್ಯಾಹ್ನ ನಮ್ಮ ಮನೆಯಲ್ಲಿ ಹೋಳಿಗೆ, ತುಪ್ಪ, ಮೇಲೆ ಎರಡು ಗ್ಲಾಸು ಮಜ್ಜಿಗೆ ಸೇವಿಸಿದರು. ಮೂರಕ್ಕೆ ನನ್ನ ತರಗತಿ. ಅವರಿಗೆ ನನ್ನ ಕುರ್ಚಿ ಕೊಟ್ಟು ನಾನು ಹಲಗೆಯ ಹತ್ತಿರ ನಿಂತು ಬಡ್ಡಿಯ ಲೆಕ್ಕ ಹೇಳತೊಡಗಿದೆ. ನನ್ನ ಕಣ್ಣು ಇಬ್ಬನಿಯಂತೆ ನಿಚ್ಚಳವಾಗಿತ್ತು. ಗೆದ್ದೆ ಎಂದುಕೊಂಡು ಹಿಂದಿರುಗಿ ನೋಡುತ್ತೇನೆ, ಸಾಹೇಬರ ಗದ್ದ ಎದೆಗೆ ತಾಕಿತ್ತು!

ಇಡೀ ತರಗತಿ ನನ್ನನ್ನು ನೋಡಿತು. ಆಮೇಲೆ ಗೋಡೆಯನ್ನು ನೋಡಿತು.

ವಾರದ ಹಿಂದಿನ ನಾನಾಗಿದ್ದರೆ ಕೆಮ್ಮುತ್ತಿದ್ದೆನೋ, ಹಲಗೆಗೆ ಛಡಿ ತಾಕಿಸುತ್ತಿದ್ದೆನೋ ತಿಳಿಯದು. ಆದರೆ ಆ ಮನುಷ್ಯನ ಕಣ್ಣ ಕೆಳಗಿನ ಕಪ್ಪು ನನಗೆ ಆಗ ಕಂಡಿತು. ಹಳ್ಳಿಯಿಂದ ಹಳ್ಳಿಗೆ ಇದ್ದಿಲ ಮೋಟಾರಿನಲ್ಲಿ ಅಲೆಯುವ ಜೀವ. ಎಷ್ಟು ರಾತ್ರಿ ಯಾರ ಪಡಸಾಲೆಯಲ್ಲಿ ಎಚ್ಚರವಿತ್ತೋ ಯಾರು ಬಲ್ಲರು? ನಾನು ತುಟಿಯ ಮೇಲೆ ಬೆರಳಿಟ್ಟು, ಹಲಗೆಯ ಮೇಲೆ ಸುಣ್ಣದ ಕಡ್ಡಿ ಕಿರುಗುಟ್ಟದಂತೆ ಬರೆದೆ: "ಮನಸ್ಸಿನಲ್ಲಿಯೇ ಓದಿರಿ." ಕಿಟಕಿಯಿಂದ ಬಿಸಿಲು ಅವರ ಮುಖಕ್ಕೆ ಬೀಳುತ್ತಿತ್ತು, ಹೋಗಿ ಕದ ಓರೆ ಮಾಡಿದೆ. ಖಾದರಸಾಬರ ಪರದೆ ನೆನಪಾಯಿತು.

ಇಪ್ಪತ್ತು ನಿಮಿಷಗಳ ನಂತರ ಸಾಹೇಬರು ತಾವಾಗಿಯೇ ಎಚ್ಚತ್ತು, ಅಂಗಿ ಸರಿಪಡಿಸಿಕೊಂಡು, ಸುತ್ತ ನೋಡಿದರು. ಎಲ್ಲರೂ ತಲೆ ತಗ್ಗಿಸಿ ಓದುತ್ತಿದ್ದರು. ಅವರು ನನ್ನನ್ನು ನೋಡಿದರು. ನಾನು ಹಲಗೆ ಒರೆಸುತ್ತಿದ್ದೆ. ಶೇರೆಯ ಪುಸ್ತಕದಲ್ಲಿ ಅವರು ಬರೆದದ್ದು ಇಂದಿಗೂ ನೆನಪಿದೆ: "ಶಾಲೆಯಲ್ಲಿಯ ಶಾಂತತೆ ವಿಶೇಷವಾಗಿ ಮೆಚ್ಚತಕ್ಕದ್ದು." ಮುಂದಿನ ತಿಂಗಳು ಕಾಯಂ ಆಜ್ಞೆ ಬಂತು. ತೂಕಡಿಸಿದವರು ಗೋಡೆಗೆ ಮುಖ ಮಾಡಬೇಕೆಂಬ ಕಾಯಿದೆಯನ್ನು ಅದೇ ದಿನ ರದ್ದು ಮಾಡಿದೆ.

ಈಗ ನಾನು ನಿವೃತ್ತ. ಯುದ್ಧ ಮುಗಿದು ಗಡಿಯಾರಗಳೆಲ್ಲ ತಮ್ಮ ಹಳೆಯ ವೇಳೆಗೆ ಮರಳಿದವು. ಅಂದರೆ ಖಾದರಸಾಬರ ಗಡಿಯಾರ ಕದಲದೆ ಗೆದ್ದಿತು. ಮಿಕ್ಶರು ಆಗೊಮ್ಮೆ ಈಗೊಮ್ಮೆ ಬೇಕಾಗುತ್ತದೆ. ವಹಿ ಈಗಲೂ ಇದೆ, ಐದು ಕಲಮ್ಮಿನದು. ಐದನೆಯದರಲ್ಲಿ ಗೌರವ್ವ ಎಷ್ಟಕ್ಕೆ ಮಲಗಿದಳೆಂದು ಬರೆಯುತ್ತೇನೆ. ಅವಳ ಮೊಣಕಾಲು ಹಿಡಿದ ದಿನ ಎಣ್ಣೆಯ ಬಟ್ಟಲು ನನ್ನ ಕೈಗೆ ಬರುತ್ತದೆ. ನನ್ನ ತಿಕ್ಕುವಿಕೆಗೆ ಅವಳು ಇನ್ನೂ ಪಾಸ್ ಮಾರ್ಕು ಕೊಟ್ಟಿಲ್ಲ.

ಬೀಗರು ಹೋದ ಆ ರಾತ್ರಿ ಎಂಟೂಮುಕ್ಕಾಲಿಗೆ ಔಷಧದ ಸೀಸೆಯನ್ನು ಎತ್ತಿದೆ. ಒಂದು ಸಲ, ಎರಡು ಸಲ, ಮೂರು ಸಲ. ಗಸಿ ಎದ್ದು ತಿಳಿಯಲ್ಲಿ ಕೂಡಿತೋ ಇಲ್ಲವೋ ಎಂದು ಕಂದೀಲಿಗೆ ಹಿಡಿದು ನೋಡಿ, ಸಂಶಯ ಬಂದು, ಇನ್ನೊಂದು ಸಲ ಅಲ್ಲಾಡಿಸಿದೆ. ಹಾಸಿಗೆಯ ಮೇಲೆ ಆಗಲೇ ಕಣ್ಣು ಮುಚ್ಚಿದ್ದ ಗೌರವ್ವ ಮಗ್ಗುಲು ಬದಲಿಸುತ್ತ ಗೊಣಗಿದಳು:

"ಸಾಕ್ ಬಿಡ್ರಿ. ನೀವು ಹಿಂಗ ಅಲ್ಲಾಡ್ಸಿದ್ರ ಔಷಧದ್ದs ನಿದ್ದಿ ಹಾರಿ ಹೋಗತೈತಿ."

ನಾನು ಸೀಸೆಯನ್ನು ಸದ್ದಾಗದಂತೆ ಮಾಡದಲ್ಲಿಟ್ಟೆ. ವಹಿ ತೆರೆದು ಐದನೆಯ ಕಲಮ್ಮಿನಲ್ಲಿ ಬರೆದೆ: ಎಂಟು ಐವತ್ತು.